ನಾಲ್ಕು ಬಾಗಿಲಿನ ಭಾಷಣ

ಹಾನಗಲ್ಲಿನ ಮಾಲತೇಶ ವರದಕ್ಷಿಣೆಯ ವಿರುದ್ಧ ಮಾತಾಡಲು ಎದ್ದು ನಿಂತನೆಂದರೆ ಅಡುಗೆಯವರು ಅನ್ನಕ್ಕೆ ಇಟ್ಟ ಎಸರನ್ನು ಒಲೆಯಿಂದ ಕೆಳಗಿಳಿಸುತ್ತಿದ್ದರು. ಊಟಕ್ಕೆ ಇನ್ನೂ ಬಹಳ ಹೊತ್ತಿದೆ ಎಂದು ಅವರಿಗೆ ಗೊತ್ತಿತ್ತು.

ಖಾಸಗಿ ಪಿಯು ಕಾಲೇಜೊಂದರಲ್ಲಿ ಅವನು ಸಮಾಜಶಾಸ್ತ್ರ ಕಲಿಸುತ್ತಿದ್ದ. ಆದರೆ ಹೆಸರಾದದ್ದು ಪಾಠಕ್ಕಲ್ಲ, ಭಾಷಣಕ್ಕೆ. ಸಾಮೂಹಿಕ ಮದುವೆ, ಮಹಿಳಾ ದಿನಾಚರಣೆ, ಕಾಲೇಜಿನ ಶಿಬಿರ, ಯಾರದೋ ಅಂಗಡಿಯ ಉದ್ಘಾಟನೆ, ಎಲ್ಲಿ ಕರೆದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಡುತ್ತಿದ್ದ. ಅವನ ಒಂದು ಮಾತು ಅಕ್ಕಿಆಲೂರಿನಿಂದ ಬಂಕಾಪುರದವರೆಗೆ ಜನರಿಗೆ ಬಾಯಿಪಾಠವಾಗಿತ್ತು: “ಹೆಣ್ಣು ಕೊಟ್ಟವರ ಮುಂದೆ ಕೈಯೊಡ್ಡುವವನಿಗಿಂತ ಬಸ್‌ಸ್ಟ್ಯಾಂಡಿನ ಭಿಕ್ಷುಕನೇ ಮೇಲು. ಅವನು ಕನಿಷ್ಠ ತಟ್ಟೆಯನ್ನಾದರೂ ತಾನೇ ತಂದಿರುತ್ತಾನೆ!” ಇಷ್ಟು ಹೇಳಿ ಚಪ್ಪಾಳೆಗೆಂದು ನಿಲ್ಲುತ್ತಿದ್ದ. ಚಪ್ಪಾಳೆ ಬಾರದಿದ್ದರೆ ಇನ್ನೊಮ್ಮೆ ಹೇಳುತ್ತಿದ್ದ.

ಇಂಥ ಹುಡುಗನಿಗೆ ಹೆಣ್ಣು ಕೊಡಲು ಯಾರಿಗೆ ಖುಷಿಯಾಗುವುದಿಲ್ಲ? ಹಿರೇಕೆರೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಫಕ್ಕೀರಪ್ಪನಿಗೂ ಆಯಿತು. ಅವನ ಮಗಳು ನೇತ್ರಾ ಶಿಗ್ಗಾವಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಮಾತುಕತೆಗೆಂದು ಮಾಲತೇಶ ತನ್ನ ತಾಯಿ ಸರೋಜವ್ವನನ್ನು ಕರೆದುಕೊಂಡು ಹಿರೇಕೆರೂರಿಗೆ ಬಂದ. ಚಹಾ ಮುಗಿಯುವ ಮೊದಲೇ ಗಂಟಲು ಸರಿಪಡಿಸಿಕೊಂಡ.

“ನಮಗ ಏನೂ ಬ್ಯಾಡ್ರಿ. ಒಂದು ತೆಂಗಿನಕಾಯಿ, ಒಂದು ಹುಡುಗಿ. ಮುಗೀತು.”

ಫಕ್ಕೀರಪ್ಪ ಕೈ ಜೋಡಿಸಿದ. ಸರೋಜವ್ವ ಸೆರಗಿನಿಂದ ತುಟಿ ಒರೆಸಿಕೊಂಡು ಮಗನ ಮಾತಿಗೆ ಬಾಲ ಸೇರಿಸಿದಳು.

“ನಮ್ಮ ಹುಡುಗ ಅಂಥಾವನ ಅದಾನ ನೋಡ್ರಿ. ಕೊಟ್ರೂ ಒಲ್ಲೆ ಅಂತಾನ. ಆದ್ರ ನೀವು ನಿಮ್ಮ ಮಗಳಿಗೆ ಅಂತ ಪ್ರೀತಿಲೆ ಏನರ ಕೊಟ್ರ, ಅದನ್ನ ಬ್ಯಾಡ ಅನ್ನಾಕ ನಾವು ಯಾರ್ರಿ?”

“ಅಂದ್ರ, ಬಂಗಾರ ಗಿಂಗಾರ…?”

“ಏ, ಬಿಡ್ರಿ! ಬಂಗಾರದ ಮಾತ್ಯಾಕ? ನನಗ ಚಿಂತಿ ಇರೂದು ಹುಡುಗೀದು. ಹಾನಗಲ್ಲಿಂದ ಶಿಗ್ಗಾವಿಗೆ ದಿನಾ ಹೋಗಿ ಬರ್ಬೇಕು. ಬಂಕಾಪುರದಾಗ ಇಳದು ಬಸ್ ಬದಲಿ ಮಾಡ್ಬೇಕು. ಬಿಸಲು, ಮಳಿ, ಗದ್ಲ. ನೆನಸಿಕೊಂಡ್ರ ನನಗ ಅನ್ನ ಸೇರಂಗಿಲ್ಲ. ಅಷ್ಟ ನೋಡ್ರಿ.”

ಈ ಮಾತು ನಡೆಯುವಾಗ ಮಾಲತೇಶ, ಒಳಬಾಗಿಲಲ್ಲಿ ನಿಂತ ನೇತ್ರಾಳಿಗೂ ಕಾಣುವಂತೆ, ತಲೆಯ ಮೇಲಿನ ಫ್ಯಾನನ್ನು ನೋಡುತ್ತ ಕುಳಿತಿದ್ದ. ಸಮಾಜಶಾಸ್ತ್ರದವರಿಗೆ ಫ್ಯಾನಿನಲ್ಲಿ ಅಷ್ಟೊಂದು ನೋಡುವುದೇನಿರುತ್ತದೋ, ಗೊತ್ತಿಲ್ಲ.

ಫಕ್ಕೀರಪ್ಪನಿಗೆ ಅರ್ಥವಾಯಿತು. ಗಿರಾಕಿ ಬಾಯಿ ಬಿಡುವ ಮೊದಲೇ ಅವನಿಗೆ ಬೇಕಾದ ಬೀಜದ ಚೀಲಕ್ಕೆ ಕೈ ಹಾಕುವ ವ್ಯಾಪಾರಿ ಅವನು. ಆದರೆ ಅವನೂ ಕಡಿಮೆ ಆಸಾಮಿಯಲ್ಲ. ಹಾವೇರಿಗೆ ಹೋಗಿ ಕಾರು ಕೊಂಡ, ಮಗಳ ಹೆಸರಿನಲ್ಲೇ ಕೊಂಡ, ಆದರೆ ಆ ಕಂಪನಿಯ ಕಾರುಗಳಲ್ಲೇ ತೀರ ಕೆಳಗಿನ ಮಾಡೆಲ್ ಕೊಂಡ. ಶೋರೂಮಿನವರು ಹಬ್ಬದ ಕೊಡುಗೆಯೆಂದು ದೊಡ್ಡ ಪರದೆಯ ಸ್ಟೀರಿಯೊ ಒಂದನ್ನು ಪುಕ್ಕಟೆ ಕೂಡಿಸಿಕೊಟ್ಟರು. ಸ್ಪೀಕರಿಗೆ ಮಾತ್ರ ಬೇರೆ ದುಡ್ಡು.

“ಸ್ಪೀಕರ್ ಹಾಕೂದೇನ್ರಿ?” ಎಂದು ಅಲ್ಲಿಯ ಹುಡುಗಿ ಕೇಳಿದಳು.

“ಬ್ಯಾಡವ್ವ. ನಮ್ಮ ಅಳಿಯಂದಿರು ಬಾಳ ಸರಳ ಮನುಷ್ಯಾರು” ಎಂದ ಫಕ್ಕೀರಪ್ಪ.

ಮದುವೆಯಾಯಿತು. ಕೆಂಪು ರಿಬ್ಬನ್ ಕಟ್ಟಿಕೊಂಡು ಕಾರು ಹಾನಗಲ್ಲಿಗೆ ಬಂತು. ನೇತ್ರಾ ಮದುವೆಗೆ ಮೊದಲೇ ಶಿಗ್ಗಾವಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ರಜೆ ಮುಗಿದ ದಿನ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಅಂಗಳಕ್ಕೆ ಬಂದರೆ, ಗಂಡ ಆಗಲೇ ಸ್ಟೇರಿಂಗಿನ ಹಿಂದೆ ಕುಳಿತು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ.

“ಇವತ್ತ ಅಕ್ಕಿಆಲೂರಾಗ ಕಾರ್ಯಕ್ರಮ ಐತಿ. ನೀ ಒಂದ ದಿನ ಬಸ್ಸಿಗೆ ಹೋಗು.”

ಆ ಒಂದು ದಿನ ಮುಗಿಯಲೇ ಇಲ್ಲ. ಕಾರ್ಯಕ್ರಮವಿಲ್ಲದ ದಿನ ಅವನು ಕಾಲೇಜಿಗೆ ಕಾರು ಒಯ್ಯುತ್ತಿದ್ದ. ಕಾಲೇಜು ಮನೆಯಿಂದ ಕೂಗಳತೆಯಲ್ಲಿತ್ತು. ಕಾರಿದ್ದವನಿಗೆ ಕೂಗಳತೆಯೂ ದೂರವೇ. ಎರಡು ಸಲ ಗೇರು ಬದಲಿಸುವಷ್ಟರಲ್ಲಿ ಕಾಲೇಜು ಬಂದುಬಿಡುತ್ತದೆಂದು ಅವನು ಕೆರೆಯ ಕಡೆ ಒಂದು ಸುತ್ತು ಹಾಕಿ ಬರುತ್ತಿದ್ದ. ನೇತ್ರಾ ಬಸ್ಸಿನಲ್ಲಿ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಮಕ್ಕಳ ಪರೀಕ್ಷೆಯ ಪೇಪರುಗಳ ಚೀಲ ಹಿಡಿದು, ಬಂಕಾಪುರದಲ್ಲಿ ಇಳಿದು ಹತ್ತಿ ಶಿಗ್ಗಾವಿ ಸೇರುತ್ತಿದ್ದಳು.

ಮಾಲತೇಶನ ಸುಖಕ್ಕೆ ಒಂದೇ ಕೊರತೆ. ಸ್ಟೀರಿಯೊದಲ್ಲಿ ಹಾಡು ಹಚ್ಚಿದರೆ ಪರದೆ ಝಗ್ಗನೆ ಹೊತ್ತಿಕೊಳ್ಳುತ್ತಿತ್ತು, ನೀಲಿ ಹಸಿರು ಗೆರೆಗಳು ಕುಣಿಯುತ್ತಿದ್ದವು, ಹಾಡಿನ ಹೆಸರು ಎಡದಿಂದ ಬಲಕ್ಕೆ ಓಡುತ್ತಿತ್ತು. ದನಿ ಮಾತ್ರ ಇಲ್ಲ. ಮೊಬೈಲಿನ ದೋಷವೆಂದು ಮೊಬೈಲ್ ಬದಲಿಸಿದ. ಸೆಟ್ಟಿಂಗ್ ಇರಬೇಕೆಂದು ಎಲ್ಲ ಗುಂಡಿ ಒತ್ತಿದ. ಕೊನೆಗೆ ಒಂದು ದಿನ ಭೌತಶಾಸ್ತ್ರದ ಉಪನ್ಯಾಸಕ ದುರ್ಗೇಶ ಪಕ್ಕದಲ್ಲಿ ಕುಳಿತವನು ಬಾಗಿಲಿನ ಕೆಳಭಾಗದ ದುಂಡನೆಯ ಜಾಲರಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಖಾಲಿ ಡಬ್ಬಿ ಬಡಿದಂತೆ ಸಪ್ಪಳವಾಯಿತು.

“ಸರ, ಇದರಾಗ ಸ್ಪೀಕರ ಇಲ್ರಿ. ಬರೇ ಜಾಳಿ. ಬೇಸ್ ಮಾಡೆಲ್ಲಿಗೆ ಹಂಗ ಇರ್ತೈತಿ, ಹೊರಗಿಂದ ನೋಡಾಕ ಎಲ್ಲಾ ಇದ್ದಂಗ.”

ದುರ್ಗೇಶ ಇದನ್ನು ಸ್ಟಾಫ್‌ರೂಮಿನಲ್ಲಿ ಹೇಳದೆ ಇರಲಿಲ್ಲ. ಮರುದಿನದಿಂದ ಮಾಲತೇಶನ ಬೆನ್ನ ಹಿಂದೆ ಅವನಿಗೆ ‘ಬೇಸ್ ಮಾಡೆಲ್ ಅಳಿಯ’ ಎಂಬ ಹೆಸರಾಯಿತು. ಬೆನ್ನ ಹಿಂದೆ ಎಂದರೂ ಸ್ಟಾಫ್‌ರೂಮು ಚಿಕ್ಕದು.

ತಾನೇ ಸ್ಪೀಕರ್ ಕೊಂಡು ಹಾಕಿಸಬಹುದಿತ್ತು. ಅವನಿಗೇನು ಪಗಾರವಿರಲಿಲ್ಲವೇ? ಆದರೆ ಮಾವ ಕೊಟ್ಟ ವಸ್ತುವಿಗೆ ತಾನು ದುಡ್ಡು ಹಾಕಿದರೆ ಅದು ಮಾವನಿಗೆ ಅವಮಾನ ಮಾಡಿದಂತೆ ಎಂದು ಅವನು ತಿಳಿದಿದ್ದ. ಇನ್ನೊಬ್ಬರ ಮರ್ಯಾದೆಯ ಬಗ್ಗೆ ಅವನಿಗೆ ಅಷ್ಟು ಕಾಳಜಿ. ಹೋಗಲಿ, ಬಾಯಿಬಿಟ್ಟು ಕೇಳೋಣವೆಂದರೆ ಅವನು ಏನೂ ಕೇಳದವನು. ಹೀಗಾಗಿ ಕೇಳದೆ ಕೇಳುವ ಕೆಲಸ ಶುರುವಾಯಿತು.

ಮೊದಲು ಫೋನಿನಲ್ಲಿ.

“ಮಾವಾರ, ಗಾಡಿ ಬಾಳ ಶಾಂತ ಐತ್ರಿ.”

“ಶಾಂತ ಇದ್ರ ಚಲೋ ಅಲ್ರಿ ಅಳಿಯಂದಿರ. ಇಂಜಿನ್ ಗಟ್ಟಿ ಐತಿ ಅಂತ ಅರ್ಥ.”

“ಇಂಜಿನ್ ಅಲ್ರಿ, ಒಳಗ. ಒಳಗ ಕುಂತ್ರ ಬಾಳ ಶಾಂತ.”

“ಒಳಗ ಶಾಂತ ಇದ್ರ ಇನ್ನೂ ಚಲೋ. ಶರಣರು ಅದನ್ನ ಅಲ್ಲೇನ್ರಿ ಹೇಳಿದ್ದು?”

ಶರಣರ ಹೆಸರು ಬಂದ ಮೇಲೆ ಮಾಲತೇಶ ಒಪ್ಪಲೇಬೇಕಾಯಿತು. ಒಪ್ಪಿ, ಅದರ ಮೇಲೆಯೇ ಸ್ವಲ್ಪ ಹೊತ್ತು ಮಾತಾಡಿ ಫೋನಿಟ್ಟ.

ಪಂಚಮಿಗೆ ಹೆಂಡತಿಯನ್ನು ತವರಿಗೆ ಕರೆತಂದಾಗ ಇನ್ನೊಂದು ಪ್ರಯತ್ನ ಮಾಡಿದ. ಊಟವಾದ ಮೇಲೆ ಮಾವನನ್ನು ಗಾಳಿಗೆಂದು ಅಂಗಳಕ್ಕೆ ಕರೆದು, ಕಾರಿನ ಬಾಗಿಲು ತೆಗೆದ, ಮುಚ್ಚಿದ, ಮತ್ತೆ ತೆಗೆದ.

“ಅಲ್ರಿ ಮಾವಾರ, ಬಾಗಲಕ್ಕ ಈ ಜಾಳಿ ಯಾಕ ಇಟ್ಟಿರ್ತಾರಂತ?”

ಫಕ್ಕೀರಪ್ಪ ಬಗ್ಗಿ, ಕನ್ನಡಕ ಮೇಲೇರಿಸಿ, ಜಾಲರಿಯನ್ನು ಹತ್ತಿರದಿಂದ ನೋಡಿದ. “ಗಾಳ್ಯಾಡಾಕ ಇರಬೇಕ್ರಿ.”

ಕಟ್ಟೆಯ ಮೇಲೆ ತಟ್ಟೆಯಲ್ಲಿ ಉಂಡಿ ಇಟ್ಟುಕೊಂಡು ಕುಳಿತಿದ್ದ ನೇತ್ರಾ ಇಬ್ಬರನ್ನೂ ನೋಡುತ್ತಿದ್ದಳು. ಗಣಿತದವಳು. ಉತ್ತರ ಕಣ್ಣೆದುರಿಗೇ ಇರುವಾಗ ಇಷ್ಟು ಸುತ್ತು ಹಾಕುವುದು ಅವಳಿಗೆ ಸೇರುತ್ತಿರಲಿಲ್ಲ.

“ಅಪ್ಪಾ, ಅವರಿಗೆ ಸ್ಪೀಕರ್ ಬೇಕಾಗೈತಿ.”

ಮಾಲತೇಶನ ಮುಖ ಕೆಂಪಾಯಿತು. “ಏ! ನಾ ಯಾವಾಗ ಕೇಳೀನೆ? ಮಾವಾರ, ನೀವ ಹೇಳ್ರಿ, ನಾ ಏನರ ಕೇಳೇನೇನ್ರಿ?”

“ಇಲ್ಲಪ, ನೀವು ಏನೂ ಕೇಳಿಲ್ಲ.”

“ಕೇಳಾಂಗೂ ಇಲ್ಲ.”

“ಗೊತ್ತೈತ್ರಿ. ಅದಕ್ಕ ಅಲ್ಲೇನು ಮಗಳ್ನ ಕೊಟ್ಟದ್ದು?”

ಕಾರು ಹೇಗೆ ಹೋಗಿತ್ತೋ ಹಾಗೆಯೇ ಶಾಂತವಾಗಿ ಹಾನಗಲ್ಲಿಗೆ ಮರಳಿತು.

ಇನ್ನು ಸರೋಜವ್ವನ ಪಾಳಿ. ಸೊಸೆ ರೊಟ್ಟಿ ಬಡಿಯುತ್ತಿದ್ದಾಗ ಅವಳು ಬಾಗಿಲಿಗೆ ಒರಗಿ ಕುಳಿತು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು.

“ಓಣ್ಯಾಗ ಒಬ್ಬೊಬ್ಬರ ಗಾಡಿ ಬರಾಕತ್ರ ಬಸ್‌ಸ್ಟ್ಯಾಂಡಿನಿಂದನ ಕೇಳಸ್ತಾವ. ನಮ್ಮದು ಹಾಲು ಕುಡ್ಯಾಕ ಬೆಕ್ಕು ಬಂದಂಗ ಬರ್ತೈತಿ. ತಾಳಿ ಕೊಟ್ಟು ಬಂಗಾರದ ಗುಂಡು ಕೊಡೂದು ಮರತಂಗ ಮಾಡ್ಯಾನ ನಿಮ್ಮಪ್ಪ.”

“ಅತ್ತಿ, ಆ ಗಾಡಿ ಬಂದದ್ದು ನಾ ಶಿಗ್ಗಾವಿಗೆ ಹೋಗಾಕ ಅಂತ. ನೀವ ಹೇಳಿದ್ರಲ್ಲ, ಬಿಸಲು, ಮಳಿ ಅಂತ. ನಾ ಇನ್ನೂ ಬಸ್ಸಿನ್ಯಾಗ ನಿಂತ ಹೊಂಟೇನಿ.”

“ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಪುಕ್ಕಟ ಐತಲ್ಲವ್ವ!” ಎಂದಳು ಸರೋಜವ್ವ. “ಸರ್ಕಾರದವರು ಅಷ್ಟು ಪ್ರೀತಿಲೆ ಬಿಟ್ಟಾರ. ಹೋಗಲಿಲ್ಲಂದ್ರ ಹೆಂಗ?”

ನೇತ್ರಾ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಅದು ನಡುವೆ ಹರಿದುಹೋಯಿತು.

ಸೊಸೆಯಿಂದ ಕೆಲಸವಾಗುವುದಿಲ್ಲವೆಂದು ಸರೋಜವ್ವ ನೇರವಾಗಿ ಬೀಗಿತ್ತಿಗೆ ಫೋನು ಮಾಡಿದಳು. ಬೀಗಿತ್ತಿ ಗಂಡನ ಬೆನ್ನು ಹತ್ತಿದಳು. ಕೊನೆಗೆ ಫಕ್ಕೀರಪ್ಪ ಬೇಸತ್ತು ಅಳಿಯನಿಗೆ ಫೋನು ಹಚ್ಚಿದ.

“ಐತವಾರ ನಾ ಸವಣೂರಿಗೆ ಬರಾಕತ್ತೇನ್ರಿ. ಅಲ್ಲಿ ಶಾಹಬಾಜ ಅಂತ ಒಬ್ಬಾಂವ ಗಾಡಿಗೆ ಸ್ಪೀಕರ್ ಕುಂದ್ರಸ್ತಾನ. ಮಗಳ್ನ ಕರಕೊಂಡು ಬರ್ರಿ, ಹಾಕಿಸಿಬಿಡೂಣು.”

“ಅಯ್ಯ, ಸುಮ್ನ ಯಾಕ ತ್ರಾಸ ತಗೋತೀರಿ ಮಾವಾರ…”

“ಹಂಗಾರ ಬ್ಯಾಡೇನ್ರಿ?”

“ಎಷ್ಟ ಗಂಟೆಕ್ಕ ಬರೂಣ್ರಿ?” ಎಂದ ಮಾಲತೇಶ.

ಸವಣೂರಿನ ಪೇಟೆಯಲ್ಲಿ ಶಾಹಬಾಜನ ಅಂಗಡಿಗೆ ‘ಸೌಂಡ್ ಮಹಲ್’ ಎಂದು ಹೆಸರು. ಮಹಲೆಂದರೆ ಒಂದು ತಗಡಿನ ಚಪ್ಪರ, ಅದರ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಒಳಗೆ ಗೋಡೆಯ ತುಂಬ ದುಂಡನೆಯ ಸ್ಪೀಕರುಗಳು. ಶಾಹಬಾಜ ಹಿಂದಿನ ಜೇಬಿನಲ್ಲಿ ಸ್ಕ್ರೂ ಡ್ರೈವರನ್ನೂ ಬಾಚಣಿಗೆಯನ್ನೂ ಒಟ್ಟಿಗೆ ಇಟ್ಟುಕೊಂಡಿದ್ದ. ಜನರನ್ನು ಅವರ ಗಾಡಿಯ ಸದ್ದಿನಿಂದ ಅಳೆಯುವುದು ಅವನ ಪದ್ಧತಿ. ವರ್ಷಗಟ್ಟಲೆ ಸದ್ದು ಪರೀಕ್ಷಿಸಿ ಪರೀಕ್ಷಿಸಿ ಅವನ ಕಿವಿ ಮಂದವಾಗಿತ್ತು. ಹಾಗಾಗಿ ಅವನಿಗೆ ಸರಿಯಾಗಿ ಕೇಳಿಸಿತು ಎನ್ನುವಷ್ಟರಲ್ಲಿ ಇಡೀ ಪೇಟೆಗೆ ಕೇಳಿಸಿರುತ್ತಿತ್ತು.

ಅವನು ಬಾಗಿಲ ಒಳಮೈಯ ಸ್ಕ್ರೂಗಳನ್ನು ಬಿಚ್ಚಿ, ಅಂಚಿಗೆ ಚಪ್ಪಟೆ ಪಟ್ಟಿ ತೂರಿಸಿ ಎಬ್ಬಿಸಿದ. ಟಪ್ ಟಪ್ ಎಂದು ಕ್ಲಿಪ್ಪುಗಳು ಬಿಟ್ಟುಕೊಂಡು ಹಲಗೆ ಕೈಗೆ ಬಂತು. ಹಿಂದೆ ಬರೀ ತಗಡು, ತಗಡಿನಲ್ಲಿ ಒಂದು ದುಂಡು ಕಿಂಡಿ.

“ನೋಡ್ರಿ ಸರ, ಕಿಂಡಿ ಕಂಪನಿಯವರ ಬಿಟ್ಟಾರ. ತುಂಬೂದು ನಮ್ಮ ನಸೀಬಿಗೆ ಬಿಟ್ಟಾರ.” ಅವನು ಎರಡು ಪೆಟ್ಟಿಗೆ ತಂದು ಸ್ಟೂಲಿನ ಮೇಲಿಟ್ಟ. ಒಂದರಲ್ಲಿ ಅಂಗೈಯಗಲದ ಸಣ್ಣ ಸ್ಪೀಕರುಗಳು. ಇನ್ನೊಂದರಲ್ಲಿ ಊಟದ ತಟ್ಟೆಯಂಥವು. “ಯಾವ ಹಾಕ್ಲಿ?”

“ನನಗ ಇದರಾಗಿಂದು ಏನೂ ತಿಳಿಯಂಗಿಲ್ಲಪ. ಮಾವಾರು ಹೆಂಗ ಅಂತಾರ ಹಂಗ” ಎಂದ ಮಾಲತೇಶ. ಹೇಳುವಾಗ ಅವನ ಕೈ ದೊಡ್ಡ ಪೆಟ್ಟಿಗೆಯನ್ನು ಸವರುತ್ತಿತ್ತು.

“ಸಣ್ಣವು ಸಾಕು” ಎಂದ ಫಕ್ಕೀರಪ್ಪ. “ಅಳಿಯಂದಿರು ಸರಳ.”

ಮಾಲತೇಶನ ಕೈ ಪೆಟ್ಟಿಗೆಯಿಂದ ಮೆಲ್ಲಗೆ ಹಿಂದೆ ಸರಿಯಿತು. ಶಾಹಬಾಜ ಸಮಾಧಾನ ಹೇಳಿದ: “ಸಣ್ಣವು ಅಂತ ತಿಳೀಬ್ಯಾಡ್ರಿ ಸರ. ಇವುಗಳ ಆವಾಜಿಗೆ ಹೋದ ಸಲ ಒಬ್ಬರ ಗಾಡಿ ಕನ್ನಡಿ ಅಲಗಾಡಿತ್ತು.”

ಅವನು ಕೆಲಸಕ್ಕೆ ಕುಳಿತ. ಕಿಂಡಿಗೆ ಸ್ಪೀಕರ್ ಇಟ್ಟು ಬಿಗಿದು, ವೈರು ಎಳೆದು ಟೇಪು ಸುತ್ತಿ, ಹಲಗೆಯನ್ನು ಅಂಗೈಯಿಂದ ಗುದ್ದಿ ಕೂಡಿಸುತ್ತ ಒಂದೊಂದೇ ಬಾಗಿಲು ಮುಗಿಸಿದ. ಇವರು ಮೂವರೂ ಸ್ಟೂಲಿನ ಮೇಲೆ ಕುಳಿತು ಸವಣೂರಿನ ಖಾರಾ ತಿಂದರು, ಚಹಾ ಕುಡಿದರು. ಸಂತೆಗೆ ಬಂದವರು, ಬೈಕು ರಿಪೇರಿಗೆ ಬಂದವರು, ವೀಳ್ಯದೆಲೆಯ ಬುಟ್ಟಿ ಹೊತ್ತ ಹೆಂಗಸರು, ಸ್ಪೀಕರ್ ಕೂಡಿಸುವುದನ್ನು ನೋಡಲು ಪೇಟೆಯಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಾರೆ, ಅವತ್ತು ಇನ್ನೂ ಹೆಚ್ಚಿದ್ದರು.

“ಸರ, ಮೊಬೈಲ್ ಜೋಡಸ್ರಿ. ಒಂದ ಚಲೋ ಹಾಡ ಹಚ್ರಿ.”

ಮಾಲತೇಶ ಮೊಬೈಲನ್ನು ಸ್ಟೀರಿಯೊಕ್ಕೆ ಜೋಡಿಸಿದ. ಆದರೆ ಹಾಡು ಹಚ್ಚಲಿಲ್ಲ. “ಹಾಡಿನ್ಯಾಗ ಏನೂ ತಿಳಿಯಂಗಿಲ್ಲ. ಸ್ಪಷ್ಟತೆ ಗೊತ್ತಾಗಬೇಕಂದ್ರ ಮಾತು ಕೇಳಬೇಕು” ಎಂದು, ಅಕ್ಕಿಆಲೂರಿನ ಸಾಮೂಹಿಕ ಮದುವೆಯಲ್ಲಿ ತಾನು ಮಾಡಿದ ಭಾಷಣವನ್ನು ಹಚ್ಚಿದ. ಮೊಬೈಲನ್ನು ಸೀಟಿನ ಮೇಲೆ ಬಿಟ್ಟು, ಚಹಾದ ಲೋಟ ಹಿಡಿದು, ದೂರದಿಂದ ಹೇಗೆ ಕೇಳಿಸುತ್ತದೆಂದು ನೋಡಲು ರಸ್ತೆಯ ಆಚೆ ಹೋಗಿ ನಿಂತ. ಶಾಹಬಾಜ ನಾಲ್ಕೂ ಬಾಗಿಲು ಪೂರ್ತಿ ತೆರೆದು, ತಾನು ಒಳಗೆ ಕುಳಿತು, ದನಿ ಏರಿಸಿದ.

“ಪೂಜ್ಯರೇ, ವೇದಿಕೆಯ ಮೇಲಿರುವ ಗಣ್ಯರೇ, ನವವಧೂವರರೇ…”

ನಾಲ್ಕು ಬಾಗಿಲುಗಳಿಂದ ನಾಲ್ವರು ಮಾಲತೇಶರು ಒಟ್ಟಿಗೆ ಮಾತಾಡಿದಂತೆ ಪೇಟೆ ತುಂಬಿತು. ಹೋಗುವವರು ನಿಂತರು. ಎಲೆಯ ಬುಟ್ಟಿಯ ಯಂಕವ್ವ ಬುಟ್ಟಿ ಕೆಳಗಿಳಿಸಿದಳು. ಮಾಲತೇಶ ಕಣ್ಣು ಅರ್ಧ ಮುಚ್ಚಿ, ತನ್ನ ಮಾತಿಗೆ ತಾನೇ ತಲೆದೂಗುತ್ತಿದ್ದ. ಕೊನೆಗೆ ಆ ವಾಕ್ಯ ಬಂತು. “ಹೆಣ್ಣು ಕೊಟ್ಟವರ ಮುಂದೆ ಕೈಯೊಡ್ಡುವವನಿಗಿಂತ ಬಸ್‌ಸ್ಟ್ಯಾಂಡಿನ ಭಿಕ್ಷುಕನೇ ಮೇಲು—”

ಇಲ್ಲಿಗೆ ಭಾಷಣ ನಿಂತು ಫೋನು ಗಂಟೆ ಬಾರಿಸಿತು. ಪರದೆಯ ಮೇಲೆ ‘ಅವ್ವ’ ಎಂದು ಬಂತು.

“ಕಾಲ್ ಆವಾಜನೂ ನೋಡಿಬಿಡೂಣ್ರಿ!” ಎಂದು ಶಾಹಬಾಜ ಪರದೆಯ ಹಸಿರು ಗುಂಡಿ ಒತ್ತಿದ.

“ಮಾಲ್ತೇಶಾ,” ಸರೋಜವ್ವನ ದನಿ ನಾಲ್ಕೂ ಬಾಗಿಲಿನಿಂದ ಹೊರಬಂತು, “ಹಾಕಿಸಿದ್ನೇನೊ ನಿಮ್ಮ ಮಾವ? ಸಣ್ಣವ ಹಾಕಾಕತ್ರ ಒಲ್ಲೆ ಅನ್ನು. ಡಿಕ್ಕಿಯೊಳಗ ದೊಡ್ಡ ಡಬ್ಬಿ ಇಡ್ತಾರಲ್ಲ, ಅದನ್ನೂ ಹಾಕಿಸಿಕೊ. ಬಾಯಿ ಬಿಟ್ಟು ಕೇಳಬ್ಯಾಡ ಮತ್ತ. ಮಾರಿ ಸಣ್ಣದು ಮಾಡಿ ನಿಲ್ಲು, ಮುದಕ ತಾನ ಕೊಡಸ್ತಾನ. ಕಾರ ಹಂಗ ಅಲ್ಲೇನು ಬಂದದ್ದು?”

ಮಾಲತೇಶ ಲೋಟ ಬಿಟ್ಟು ರಸ್ತೆ ದಾಟಲು ಓಡಿದ. ಒಂದು ಟಂಟಂ ಆಟೊ ಅಡ್ಡ ಬಂತು.

“ಅವ್ವಾ, ಇಡು! ಫೋನ್ ಇಡು!”

“ಯಾಕೊ? ಅಂವ ಅಲ್ಲೇ ಬಾಜೂಕ ಅದಾನೇನು? ಹಂಗಾರ ನೀ ಮಾತಾಡಬ್ಯಾಡ, ಬರೇ ಹೂಂ ಅನ್ನು. ಸೀಟಿನ ಕವರ್ ದೀಪಾವಳಿಗೆ ನೋಡೂಣಂತ. ಆಕಿ ಮುಂದ ಏನೂ ಹೇಳಬ್ಯಾಡ, ಆಕಿ ನಾಲಿಗಿ ಬಾಳ ಹರೀತ ಐತಿ…”

ಅವನು ತಲೆ ಮುಂದಾಗಿ ಕಾರಿನೊಳಗೆ ನುಗ್ಗಿ, ಶಾಹಬಾಜನ ತೊಡೆಯ ಮೇಲೆ ಬಿದ್ದು, ಸೀಟಿನಡಿ ಜಾರಿದ್ದ ಮೊಬೈಲನ್ನು ಹೇಗೋ ಹಿಡಿದು ಕರೆ ಕತ್ತರಿಸಿದ. ಕರೆ ನಿಂತಿತು. ಸ್ಟೀರಿಯೊ ತನ್ನ ಕರ್ತವ್ಯ ಮರೆಯದೆ ಭಾಷಣವನ್ನು ನಿಂತಲ್ಲಿಂದ ಮುಂದುವರಿಸಿತು.

“—ಅವನು ಕನಿಷ್ಠ ತ‌ಟ್ಟೆಯನ್ನಾದರೂ ತಾನೇ ತಂದಿರುತ್ತಾನೆ!”

ಅಕ್ಕಿಆಲೂರಿನ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಸವಣೂರಿನ ಜನರೂ ಸೇರಿಕೊಂಡರು.

“ಮಾತಾಡಿದಾಂವ ಯಾರು?” ಎಂದು ಯಂಕವ್ವ ಕೇಳಿದಳು.

“ಇವರ ನೋಡು, ಈ ಸರ!” ಶಾಹಬಾಜನಿಗೆ ಕಿವಿ ಮಂದ. ಮಾತಿನ ಅರ್ಥ ಅವನಿಗೆ ಮುಟ್ಟಿರಲಿಲ್ಲ. ಸ್ಪೀಕರಿನ ಹೆಮ್ಮೆ ಮಾತ್ರ ಮುಖದ ತುಂಬ ಇತ್ತು.

“ಹೌದೇನು? ನಡುವ ಮಾತಾಡಿದಾಕಿ ಇವರಕಿಂತ ಚಲೋ ಮಾತಾಡಿದ್ಲು ಬಿಡು” ಎಂದಳು ಯಂಕವ್ವ. ಜನ ಬಿದ್ದು ಬಿದ್ದು ನಕ್ಕರು.

ಮಾಲತೇಶ ಅಂಗಿ ಜಾಡಿಸಿಕೊಂಡು ಮಾವನ ಎದುರಿಗೆ ಬಂದ. “ಮಾವಾರ, ಅವ್ವ ಹಳೇ ಕಾಲದಾಕಿ. ಆಕಿಗೆ ತಿಳಿಯಂಗಿಲ್ಲ. ನಾ… ನಾ ಏನರ ಕೇಳೇನೇನ್ರಿ?”

ಫಕ್ಕೀರಪ್ಪನ ಮುಖ ಕಪ್ಪಿಟ್ಟಿತ್ತು. ಅವನು ಸಿಟ್ಟಾಗಬಹುದಿತ್ತು, ನಗಬಹುದಿತ್ತು. ಎರಡೂ ಮಾಡಲಿಲ್ಲ. ಮಗಳ ಸಂಸಾರ, ನಾಲ್ಕು ಜನ, ಬೀಗರ ಬಾಯಿ, ಎಲ್ಲವನ್ನೂ ಒಂದು ಕ್ಷಣದಲ್ಲಿ ತೂಗಿ ನೋಡಿ, ಶಾಹಬಾಜನ ಕಡೆ ತಿರುಗಿದ.

“ಡಿಕ್ಕಿಯೊಳಗಿನ ಡಬ್ಬಿನೂ ಹಾಕಿಬಿಡಪ.”

ನೇತ್ರಾ ಸ್ಟೂಲಿನಿಂದ ಎದ್ದು ನಿಂತಳು.

“ಅಪ್ಪಾ, ಸಾಕು.”

“ಇರಲಿ ತಂಗಿ, ಒಂದ ಡಬ್ಬಿ ಅಲ್ಲೇನು…”

“ಅವರು ಕೇಳಲಾರದ ತಗೋತಾರ. ನೀ ತಿಳೀಲಾರದಂಗ ಮಾಡಿ ಕೊಡ್ತಿ. ಇಬ್ಬರೂ ಬಾಳ ಶಾಣ್ಯಾರದೀರಿ. ನಡುವ ನಾ ಬಸ್ಸಿನ್ಯಾಗ ಕಂಬ ಹಿಡಕೊಂಡು ನಿಂತೇನಿ.”

“ನಿನ್ನ ಸುಖಕ್ಕಂತನ ಕೊಟ್ಟದ್ದವ್ವ.”

“ನನ್ನ ಸುಖ ಅಂದ್ರ ನನ್ನ ಕೇಳಬೇಕಿತ್ತು. ನೀ ಫ್ಯಾನ್ ನೋಡಾವರನ್ನ ಕೇಳಿದಿ.” ಅವಳು ಗಂಡನ ಕಡೆ ಕೈ ಚಾಚಿದಳು. “ಚಾವಿ ಕೊಡ್ರಿ.”

“ಯಾಕ? ನಾ ಹೊಡೀತೇನಲ್ಲ.”

“ಚಾವಿ ಕೊಡ್ರಿ ಅಂದೆ. ಗಾಡಿ ನನ್ನ ಹೆಸರಿಲೆ ಐತಿ.”

ಮಾಲತೇಶ ಸುತ್ತಲೂ ನೋಡಿದ. ವೇದಿಕೆಯ ಮೇಲೆ ನಿಂತು ಎಷ್ಟೋ ಜನರನ್ನು ಎದುರಿಸಿದವನು. ಆದರೆ ಈ ಜನರೆಲ್ಲ ಊಟಕ್ಕೆ ಕಾಯುತ್ತಿರಲಿಲ್ಲ, ಅವನ ಉತ್ತರಕ್ಕೆ ಕಾಯುತ್ತಿದ್ದರು. ಹೆಂಗಸರ ಹಕ್ಕಿನ ಬಗ್ಗೆ ಅವನಿಗೆ ಒಂದು ಗಂಟೆಯ ಭಾಷಣ ಬರುತ್ತಿತ್ತು. ಅದರಲ್ಲಿನ ಒಂದು ವಾಕ್ಯವೂ ಈಗ ನೆನಪಿಗೆ ಬರಲಿಲ್ಲ.

“ಕೊಡ್ರಿ ಸರ, ಮೇಡಮ್ಮಾರು ಟೆಸ್ಟ್ ಡ್ರೈವ್ ಮಾಡ್ಲಿ” ಎಂದ ಶಾಹಬಾಜ.

ಅವನು ಚಾವಿ ಕೊಟ್ಟ. ನೇತ್ರಾ ಒಂದೊಂದೇ ಬಾಗಿಲು ಮುಚ್ಚಿ, ಒಳಗೆ ಕುಳಿತು, ಸೀಟನ್ನು ಮುಂದೆ ಎಳೆದುಕೊಂಡಳು. ಬಹಳ ದಿನದ ಮೇಲೆ ಕುಳಿತದ್ದರಿಂದ ಮೊದಲು ಕಾರು ಜಿಗಿದು ನಿಂತುಬಿಟ್ಟಿತು. “ಸಾವಕಾಶ ಬಿಡ್ರಿ ಕ್ಲಚ್ಚು!” ಎಂದು ನಾಲ್ಕಾರು ಜನ ಒಮ್ಮೆಲೇ ಕೂಗಿದರು. ಎರಡನೆಯ ಸಲ ಕಾರು ಹೊರಟಿತು. ಅವಳು ಅಪ್ಪ, ಗಂಡ ಇಬ್ಬರನ್ನೂ ಅಲ್ಲಿಯೇ ಬಿಟ್ಟು, ಶಿಗ್ಗಾವಿಯ ರಸ್ತೆ ಹಿಡಿದು, ತನ್ನ ಜೊತೆ ಕೆಲಸ ಮಾಡುವ ಸಮತಾಳ ಮನೆಗೆ ಹೋದಳು. ಸಂಜೆಯವರೆಗೆ ಅಲ್ಲಿ ಕುಳಿತು, ಅತ್ತು, ಅತ್ತದ್ದಕ್ಕೆ ಸಿಟ್ಟಾಗಿ, ಗಿರಮಿಟ್ಟು ತಿಂದು, ಆಮೇಲೆ ಹಾನಗಲ್ಲಿನ ಮನೆಗೆ ತಾನೇ ಕಾರು ಹೊಡೆದುಕೊಂಡು ಬಂದಳು.

ಇತ್ತ ಮಾವ ಅಳಿಯ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಕಲ್ಲುಬೆಂಚಿನ ಎರಡು ತುದಿಗೆ ಕುಳಿತಿದ್ದರು. ಕೊನೆಗೆ ಫಕ್ಕೀರಪ್ಪನೇ, “ನಿಮ್ಮ ಬಸ್ಸು ಆ ಕಡೆ ನಿಲ್ಲತೈತ್ರಿ ಅಳಿಯಂದಿರ” ಎಂದ. ಮಾಲತೇಶ ಎದ್ದು ಹೋದ. ಬಸ್ಸು ತುಂಬಿತ್ತು.

ಮರುದಿನದಿಂದ ಕಾರು ಶಿಗ್ಗಾವಿಗೆ ಹೋಗತೊಡಗಿತು. ಸರೋಜವ್ವ ಮೊದಲ ವಾರ ಊಟ ಬಿಡುವುದಾಗಿ ಹೇಳಿದಳು. ಬಿಡಲಿಲ್ಲ. “ಹೆಣ್ಮಗಳು ಗಾಡಿ ಹೊಡಕೊಂಡು ಅಡ್ಡಾಡಿದ್ರ ಓಣ್ಯಾಗ ಏನಂದಾರು?” ಎಂದಳು. ಓಣಿಯವರು ಏನೂ ಅನ್ನಲಿಲ್ಲ, ಮೂವರು ಹೆಂಗಸರು ತಮ್ಮನ್ನೂ ಬಂಕಾಪುರದವರೆಗೆ ಬಿಡಲು ಕೇಳಿದರು. ಅಷ್ಟರಲ್ಲಿ ಸರೋಜವ್ವನ ಮೊಣಕಾಲು ನೋವು ಹೆಚ್ಚಾಯಿತು. ಶಿಗ್ಗಾವಿಯ ಡಾಕ್ಟರಿಗೆ ತೋರಿಸಬೇಕಿತ್ತು. ನೇತ್ರಾ ಮುಂದಿನ ಬಾಗಿಲು ತೆಗೆದಳು. ಸರೋಜವ್ವ ಎರಡು ಕಿಲೋಮೀಟರ್ ಬಿಗುವಿನಿಂದ ಕುಳಿತಳು, ಆಮೇಲೆ ಕಾಲು ಚಾಚಿದಳು. ಬಾಗಿಲಿನಿಂದ ಭಜನಾಪದ ಕೇಳಿಸುತ್ತಿತ್ತು. ಆಡೂರು ದಾಟುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಆ ಮೇಲೆ ಅವಳ ಮೊಣಕಾಲು ವಾರಕ್ಕೊಮ್ಮೆ ತಪ್ಪದೆ ನೋಯತೊಡಗಿತು. “ಮಾಲ್ತೇಶ ಹೊಡದ್ರ ಹೊಟ್ಟ್ಯಾಗಿಂದು ಬಾಯಿಗೆ ಬರ್ತಿತ್ತು. ನಮ್ಮ ಸೊಸಿ ಹೊಡದ್ರ ತೊಟ್ಟಿಲದಾಗ ಮಲಗಿದಂಗ” ಎಂದು ಅವಳೇ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ಮಗನ ಪರ ವಾದಿಸುವುದನ್ನು ಯಾವಾಗ ಬಿಟ್ಟಳೋ ಅವಳಿಗೂ ಗೊತ್ತಾಗಲಿಲ್ಲ.

ಮಾಲತೇಶನ ಗೌರವಕ್ಕೆ ಧಕ್ಕೆ ಬಂತೇ ಎಂದರೆ, ನಮ್ಮ ಕಡೆ ಅಷ್ಟಕ್ಕೆಲ್ಲ ಭಾಷಣಕಾರರ ಗೌರವ ಹೋಗುವುದಿಲ್ಲ. ಸವಣೂರಿನ ಸುದ್ದಿ ಸುತ್ತೆಲ್ಲ ಹಬ್ಬಿತು, ಜನ ನಕ್ಕರು, ಮತ್ತೆ ಅವನನ್ನೇ ಕರೆದರು. ಅವನು ವಿಷಯವನ್ನಷ್ಟೇ ಬದಲಿಸಿದ. ಈಗ ಪರಿಸರದ ಬಗ್ಗೆ ಮಾತಾಡುತ್ತಾನೆ. ಗಿಡಗಳು ಫೋನು ಮಾಡುವುದಿಲ್ಲ.

ಹೀಗೇ ಒಂದು ಬೆಳಿಗ್ಗೆ ಅವನಿಗೆ ಬಂಕಾಪುರದಲ್ಲಿ ಸಸಿ ನೆಡುವ ಕಾರ್ಯಕ್ರಮವಿತ್ತು. ಬಿಳಿ ಅಂಗಿ ತೊಟ್ಟು ಅಂಗಳಕ್ಕೆ ಬಂದ. ನೇತ್ರಾ ಕಾರಿನ ಗಾಜು ಒರೆಸುತ್ತಿದ್ದಳು.

“ಇವತ್ತ ಬಸ್ ಬಾಳ ರಶ್ ಇರ್ತಾವಂತ” ಎಂದ ಆಕಾಶ ನೋಡುತ್ತ.

“ಹೌದ್ರಿ. ಸಂತಿ ದಿನ.”

“ಮಳಿ ಬರೂ ಹಂಗ ಕಾಣತೈತಿ.”

“ಬರಬಹುದ್ರಿ.” ಅವಳು ಅರಿವೆ ಹಿಂಡಿ, ಒಳಗೆ ಕುಳಿತು, ಇಂಜಿನ್ ಚಾಲೂ ಮಾಡಿದಳು. ಹೊರಡಲಿಲ್ಲ. ಗಾಜು ಇಳಿಸಿ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು, ಎದುರಿನ ರಸ್ತೆ ನೋಡುತ್ತ ಕಾದಳು.

ಮಾಲತೇಶ ಅಂಗಿಯ ಕಾಲರ್ ಸರಿಪಡಿಸಿಕೊಂಡ. ವಾಚು ನೋಡಿಕೊಂಡ. ಮಳೆಯ ಒಂದು ಹನಿ ಅವನ ಇಸ್ತ್ರಿಯ ಮೇಲೆ ಬಿತ್ತು.

“ನನ್ನ ಬಂಕಾಪುರತನಕ ಬಿಡ್ತೀಯೇನು?”

ನೇತ್ರಾ ಅವನ ಮುಖ ನೋಡಿದಳು. ಮದುವೆಯಾದ ಮೇಲೆ ಅವನು ಅವಳನ್ನು ನೇರವಾಗಿ ಏನಾದರೂ ಕೇಳಿದ್ದು ಅದೇ ಮೊದಲು.

“ಹಿಂದ ಕುಂದರ್ರಿ. ಮುಂದ ಅತ್ತಿ ಕುಂದ್ರತಾರ.”

ಅವನು ಹಿಂದೆ ಹತ್ತಿ, ಪರೀಕ್ಷೆಯ ಪೇಪರುಗಳ ಚೀಲವನ್ನು ಸರಿಸಿ ಜಾಗ ಮಾಡಿಕೊಂಡು ಕುಳಿತ. ಸರೋಜವ್ವ ಸೀರೆಯ ನೆರಿಗೆ ಹಿಡಿದು ಬಂದು ಮುಂದೆ ಕುಳಿತಳು, ಕನ್ನಡಿಯಲ್ಲಿ ಮಗನನ್ನು ನೋಡಿದಳು.

“ಏನಪ, ನೀನೂ ಹೊಂಟಿಯೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೊಸೆಗೆ ಹೇಳಿದಳು, “ನಡಿಯವ್ವ, ಡಾಕ್ಟರ್ ಬರೂ ಹೊತ್ತಾತು.”